ಅನ್ನ ನಿಜವಾಗಿ ನೆತ್ತಿಗೆ ಹತ್ತುತ್ತದಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಉಸಿರಾಟದ್ದೇ. ಐದನ್ನು ಆರಿಸಿಕೊಂಡಿದ್ದೇನೆ. ಮೊದಲೆರಡಕ್ಕೆ ಉತ್ತರ ಉದ್ದವಾಯಿತು, ಬೇಕಂತಲೇ.

*ಊಟ ಮಾಡುವಾಗ ಮಗಳಿಗೆ ನೆತ್ತಿಗೆ ಹತ್ತಿದರೆ ನಮ್ಮತ್ತೆ ತಲೆ ಮೇಲೆ ತಟ್ಟಿ, ‘ಯಾರೋ ನೆನೆಸ್ಕೊಂಡ್ರು’ ಅಂತಾರೆ. ಅನ್ನ ನಿಜವಾಗಿ ನೆತ್ತಿಗೆ ಹೋಗುತ್ತದಾ? ತಟ್ಟಿದರೆ ಇಳಿಯುತ್ತದಾ?*
– ಗೃಹಿಣಿ, ಹಾಸನ

ನೆತ್ತಿಗೆ ಹೋಗಲು ದಾರಿಯೇ ಇಲ್ಲಮ್ಮ. ಎಡವಟ್ಟು ಆಗುವುದು ಗಂಟಲಲ್ಲಿ. ಬಾಯಿಯ ಹಿಂದೆ ಗಾಳಿಗೂ ಅನ್ನಕ್ಕೂ ಒಂದೇ ಓಣಿ. ಸ್ವಲ್ಪ ಕೆಳಗೆ ಹೋದರೆ ಅದು ಕವಲೊಡೆಯುತ್ತದೆ, ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ಒಂದು ಕೆಲಸ ಮಾಡಿ. ಕತ್ತಿನ ಮುಂದೆ ಗಟ್ಟಿಯಾಗಿ ಸಿಗುವ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿ. ಉಬ್ಬು ಮೇಲಕ್ಕೆ ಜಿಗಿದು ಕೆಳಗಿಳಿಯಿತು, ಅಲ್ವಾ? ಅದು ಧ್ವನಿಪೆಟ್ಟಿಗೆ, ಶ್ವಾಸನಾಳದ ಬಾಗಿಲು. ನುಂಗುವಾಗ ಅದು ಮೇಲೇರಿ ನಾಲಿಗೆಯ ಬುಡಕ್ಕೆ ಒತ್ತಿಕೊಳ್ಳುತ್ತದೆ, ಎಲೆಯಂಥ ಮುಚ್ಚಳ ಅದರ ಮೇಲೆ ಬಾಗುತ್ತದೆ, ಒಳಗಿನ ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. ಬಾಯ್ತುಂಬ ಅನ್ನ ಇಟ್ಟುಕೊಂಡು ನಕ್ಕರೆ ಈ ಲೆಕ್ಕ ತಪ್ಪುತ್ತದೆ. ಒಂದು ಅಗುಳು ತಪ್ಪು ಬಾಗಿಲಿಗೆ ಬಿದ್ದರೂ ಸಾಕು, ಮೈಯೆಲ್ಲ ಸೇರಿ ಕೆಮ್ಮಿ ಅದನ್ನು ಹೊರಗೆ ಎಸೆಯುತ್ತದೆ. ಆ ರಭಸಕ್ಕೆ ಸಾರಿನ ಖಾರ ಮೂಗಿನ ಹಿಂಬದಿಗೆ ಹಾರಿದರೆ ಉರಿ ತಲೆಗೇ ಏರಿದಂತಾಗುತ್ತದೆ. ‘ನೆತ್ತಿಗೆ ಹತ್ತಿತು’ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು, ಇದು ನನ್ನ ಊಹೆ. ತಲೆ ತಟ್ಟಿದರೆ ಏನೂ ಇಳಿಯುವುದಿಲ್ಲ. ಹಾಗಂತ ಅತ್ತೆಯ ಜೊತೆ ವಾದಕ್ಕೆ ಕೂರಬೇಡಿ, ಮಗುವನ್ನು ಕೆಮ್ಮಲು ಬಿಟ್ಟರೆ ಆಯಿತು. ಕೆಮ್ಮು ನಿಲ್ಲುವ ಮೊದಲೇ ನೀರು ಕುಡಿಸಲು ಹೋಗಬೇಡಿ.

*ಪಕ್ಕದ ಮನೆಯ ಎರಡು ವರ್ಷದ ಹುಡುಗ ಶೇಂಗಾ ತಿನ್ನುತ್ತ ಓಡಾಡಿ ಜೋರಾಗಿ ಕೆಮ್ಮಿದ. ಆಮೇಲೆ ಆರಾಮಾಗಿ ಆಡಿಕೊಂಡಿದ್ದ. ವಾರದ ಮೇಲೆ ಜ್ವರ, ಕೆಮ್ಮು. ಕೊನೆಗೆ ಶೇಂಗಾ ಬೀಜ ಬಲಗಡೆ ಶ್ವಾಸಕೋಶದ ದಾರಿಯಲ್ಲಿ ಸಿಕ್ಕಿತಂತೆ. ಇಷ್ಟು ದಿನ ಹೇಗೆ ಸುಮ್ಮನಿತ್ತು? ಬಲಗಡೆಯೇ ಯಾಕೆ?*
– ಶಿಕ್ಷಕಿ, ಗದಗ

ಶ್ವಾಸನಾಳ ದೊಡ್ಡವರಲ್ಲಿ ಸುಮಾರು 11 ಸೆಂಟಿಮೀಟರ್ ಉದ್ದದ ಕೊಳವೆ. ಎದೆಯೊಳಗೆ ಇಳಿದು ಎರಡಾಗುತ್ತದೆ. ಎಡಗಡೆ ಹೃದಯಕ್ಕೆ ಜಾಗ ಬಿಡಬೇಕಲ್ಲ, ಆ ಕವಲು ಸಣ್ಣದು, ಅಡ್ಡಕ್ಕೆ ಓರೆಯಾಗಿ ಹೋಗುತ್ತದೆ. ಬಲಗವಲು ದಪ್ಪ, ಹೆಚ್ಚುಕಡಿಮೆ ನೇರ. ಹಾಗಾಗಿ ಬಿದ್ದ ವಸ್ತು ಹೆಚ್ಚಾಗಿ ಬಲಕ್ಕೇ ಜಾರುತ್ತದೆ. ಶ್ವಾಸನಾಳದೊಳಕ್ಕೆ ಕೊಳವೆ ಇಳಿಸಿ ಸಿಕ್ಕಿಕೊಂಡದ್ದನ್ನು ಮೊದಲ ಸಲ ತೆಗೆದವರು ಜರ್ಮನಿಯ ಫ್ರೈಬರ್ಗಿನ ಡಾಕ್ಟರ್ ಗುಸ್ತಾವ್ ಕಿಲಿಯನ್, 1897ರಲ್ಲಿ. ರೋಗಿ ಒಬ್ಬ ರೈತ, ಸಿಕ್ಕಿಕೊಂಡದ್ದು ಹಂದಿ ಮೂಳೆಯ ಚೂರು. ಅದೂ ಬಲಗಡೆಯೇ!

ಇನ್ನು ಸುಮ್ಮನಿದ್ದದ್ದು. ಬೀಜ ಒಳಗೆ ಒಂದು ಕಡೆ ಗಟ್ಟಿಯಾಗಿ ಕೂತುಬಿಟ್ಟರೆ ಮೊದಲಿನ ಕೆಮ್ಮು ತಣ್ಣಗಾಗುತ್ತದೆ. ಮನೆಯವರು ‘ಹೊಟ್ಟೆಗೆ ಹೋಗಿರಬೇಕು’ ಅಂದುಕೊಳ್ಳುತ್ತಾರೆ. ಅಲ್ಲಿ ಬೀಜ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆಗೆ ಸುತ್ತಲಿನ ಪೊರೆ ಕೆರಳಿ ಊದಿಕೊಳ್ಳುತ್ತದೆ, ಹಿಂದೆ ಕಫ ನಿಂತು ಸೋಂಕು ಆಗುತ್ತದೆ. ಎಕ್ಸ್‌ರೇಯಲ್ಲಿ ನಾಣ್ಯದ ಹಾಗೆ ಶೇಂಗಾ ಕಾಣುವುದಿಲ್ಲ. ಅದಕ್ಕೇ ‘ಅವತ್ತು ತಿನ್ನುವಾಗ ಕೆಮ್ಮಿದ್ದ’ ಅನ್ನುವ ಒಂದು ಮಾತನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಪುಟಾಣಿ ಬೇಡವೇ ಬೇಡ. ಪುಡಿ ಮಾಡಿ ಕೊಡಿ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ, ಬಾಯಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಕ್ಕೆ ಹೋದೀತು. ಕೆಮ್ಮಲೂ ಆಗದೆ, ಅಳಲೂ ಆಗದೆ ಒದ್ದಾಡಿದರೆ ಮಾತ್ರ ಮುಂದಕ್ಕೆ ಬಗ್ಗಿಸಿ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಗುದ್ದು. ಅದಕ್ಕೂ ಬಾರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಹೊರಗೆ ಬರುವ ತನಕ ಇದನ್ನೇ ಒಂದಾದ ಮೇಲೊಂದು ಮಾಡಿ. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ತೋಳಿನ ಮೇಲೆ ಬೋರಲು ಹಾಕಿ ಬೆನ್ನಿಗೆ ಐದು, ತಿರುಗಿಸಿ ಒಂದು ಅಂಗೈ ಬುಡದಿಂದ ಎದೆಮೂಳೆಯನ್ನು ಐದು ಸಲ ಒತ್ತಬೇಕು. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ.

*ತರಗತಿಯಲ್ಲಿ ಬಾಟಲಿ, ಬಲೂನಿನಿಂದ ಶ್ವಾಸಕೋಶದ ಮಾದರಿ ಮಾಡಿದೆವು. ಒಬ್ಬ ಹುಡುಗ, ‘ಗಾಳಿ ಬಂದು ಶ್ವಾಸಕೋಶ ಹಿಗ್ಗುತ್ತದಾ, ಹಿಗ್ಗಿದ್ದರಿಂದ ಗಾಳಿ ಬರುತ್ತದಾ?’ ಅಂದ.*
– ವಿಜ್ಞಾನ ಮೇಷ್ಟ್ರು, ದಾವಣಗೆರೆ

ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ಮೊದಲು ಹಿಗ್ಗುವುದು ಎದೆಗೂಡು. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಬಾಗಿರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಪಕ್ಕೆಲುಬು ಮೇಲೇಳುತ್ತವೆ, ಎದೆಗೆ ಅಂಟಿಕೊಂಡ ಶ್ವಾಸಕೋಶವೂ ಹಿಗ್ಗುತ್ತದೆ, ಒಳಗೆ ಒತ್ತಡ ತುಸು ಇಳಿದು ಗಾಳಿ ತಾನೇ ನುಗ್ಗುತ್ತದೆ. ತನ್ನನ್ನು ತಾನು ಎಳೆದುಕೊಳ್ಳುವ ಸ್ನಾಯು ಶ್ವಾಸಕೋಶಕ್ಕೆ ಇಲ್ಲ. ಕಾಲೇಜಿನಲ್ಲಿದ್ದಾಗ ನಾವು ಮಟನ್ ಅಂಗಡಿಯಿಂದ ಆಡಿನ ಶ್ವಾಸಕೋಶ ತಂದು ಸೈಕಲ್ ಪಂಪಿನಿಂದ ಊದಿದ್ದೆವು. ಮುದುಡಿ ಬಿದ್ದಿದ್ದ ತುಂಡು ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿತು, ಪಂಪ್ ತೆಗೆದ ಕೂಡಲೇ ಸುಯ್ಯೆಂದು ಕುಗ್ಗಿತು. ಬಕೆಟ್ ನೀರಿಗೆ ಹಾಕಿದರೆ ತೇಲುತ್ತಿತ್ತು. ನಿಮ್ಮ ಬಾಟಲಿಯಲ್ಲಿ ಕಾಣದ ಒಂದು ವಿಷಯ ಹುಡುಗರಿಗೆ ಹೇಳಿ: ಒಳಗಿರುವುದು ಎರಡು ಬಲೂನಲ್ಲ, 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಚೀಲಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಬ್ಯಾಡ್ಮಿಂಟನ್ ಅಂಕಣಕ್ಕಿಂತ ಸ್ವಲ್ಪವೇ ಕಡಿಮೆ.

*ಉಸಿರು ಬಿಗಿಹಿಡಿದರೆ ತಡೆಯಲು ಆಗದಿರುವುದು ಆಮ್ಲಜನಕ ಮುಗಿದದ್ದಕ್ಕೆ ಅಲ್ವಾ?*
– ಪಿಯುಸಿ ವಿದ್ಯಾರ್ಥಿ, ಮೈಸೂರು

ಅಲ್ಲ. ಒಳಗೆ ಎಳೆದ ಗಾಳಿಯಲ್ಲಿ ಆಮ್ಲಜನಕ 21%, ಹೊರಗೆ ಬಿಟ್ಟದ್ದರಲ್ಲಿ ಇನ್ನೂ 16% ಇರುತ್ತದೆ. ಮಿದುಳು ಮುಖ್ಯವಾಗಿ ಲೆಕ್ಕ ಇಡುವುದು ಇಂಗಾಲದ ಡೈಆಕ್ಸೈಡಿನದು. ರಕ್ತದಲ್ಲಿ ಅದು ಏರಿದ ಕೂಡಲೇ ‘ಉಸಿರಾಡು’ ಅಂತ ಒದೆಯುತ್ತದೆ. ಇಲ್ಲೇ ಒಂದು ಅಪಾಯ ಇದೆ. ಬಾವಿಗೋ ಕೆರೆಗೋ ಹಾರುವ ಮೊದಲು ಕೆಲವರು ಬುಸಬುಸನೆ ಹತ್ತಾರು ಸಲ ಉಸಿರಾಡುತ್ತಾರೆ, ಜಾಸ್ತಿ ಹೊತ್ತು ಮುಳುಗಿರಬಹುದು ಅಂತ. ಅದರಿಂದ ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ, ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಹಾಗಾಗಿ ಉಸಿರು ಬೇಕು ಅನ್ನಿಸುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಂದವರೇ ಹೀಗೆ ಸತ್ತದ್ದಿದೆ. ನಿನ್ನ ಗೆಳೆಯರಿಗೂ ಹೇಳಪ್ಪ.

*ಬಿಕ್ಕಳಿಕೆ ಬಂದರೂ ‘ಯಾರೋ ನೆನೆಸಿಕೊಂಡರು’ ಅಂತಾರೆ. ಇದೂ ಗಂಟಲಿನದ್ದೇನಾ?*
– ನಿವೃತ್ತ ನೌಕರ, ಶಿರಸಿ

ಶುರುವಾಗುವುದು ವಪೆಯಿಂದ. ಅದು ಇದ್ದಕ್ಕಿದ್ದಂತೆ ಜಗ್ಗುತ್ತದೆ, ಗಾಳಿ ಒಳಗೆ ನುಗ್ಗುವಷ್ಟರಲ್ಲಿ ಧ್ವನಿತಂತುಗಳು ಪಟ್ಟನೆ ಮುಚ್ಚುತ್ತವೆ. ಆ ‘ಹಿಕ್’ ಸದ್ದು ಅದೇ. ಗಬಗಬ ತಿಂದರೆ, ಸೋಡಾ ಕುಡಿದರೆ ಬರುತ್ತದೆ, ತಾನಾಗಿ ಹೋಗುತ್ತದೆ. ಆದರೆ ಎರಡು ದಿನ ಕಳೆದರೂ ನಿಲ್ಲದಿದ್ದರೆ ಯಾರು ನೆನೆಸಿಕೊಂಡರು ಅಂತ ಯೋಚಿಸುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ.