ಬಿಲ್ಡಿಂಗ್ ಬ್ಲಾಕ್ಸ್ ಆಡಿದರೆ ಮಕ್ಕಳು ನಿಜವಾಗಿಯೂ ಏನಾದರೂ ಕಲಿಯುತ್ತಾರಾ?

ಹೌದು, ಕಲಿಯುತ್ತಾರೆ. ಮುಖ್ಯವಾಗಿ ಆಕಾರ, ಅಳತೆ ಮತ್ತು ಯಾವುದು ಎಲ್ಲಿ ಕೂರುತ್ತದೆ ಎಂಬ ಅಂದಾಜು. ಮುಂದೆ ಗಣಿತಕ್ಕೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಬೆರಳುಗಳ ಹಿಡಿತವೂ ಸುಧಾರಿಸುತ್ತದೆ.

ಇದಕ್ಕೆ ಕಾರಣ, ತಪ್ಪನ್ನು ಬ್ಲಾಕೇ ತೋರಿಸಿಕೊಡುತ್ತದೆ. ಮಗು ದೊಡ್ಡ ತುಂಡನ್ನು ಚಿಕ್ಕದರ ಅಂಚಿಗೆ ಇಟ್ಟರೆ ಗೋಪುರ ವಾಲಿ ಬೀಳುತ್ತದೆ. ಯಾರೂ ತಿದ್ದಬೇಕಾಗಿಲ್ಲ. ಮುಂದಿನ ಸಲ ಮಗು ಅದೇ ತುಂಡನ್ನು ಸ್ವಲ್ಪ ಒಳಕ್ಕೆ ಸರಿಸಿ, ಕೈ ಬಿಡುವ ಮುಂಚೆ ಒಂದು ಕ್ಷಣ ತಡೆದು ನೋಡುತ್ತದೆ. ಕಲಿಕೆ ನಡೆಯುವುದು ಆಗಲೇ. ಸೇತುವೆ ಕಟ್ಟುವಾಗ ಹಲಗೆ ಸಾಲದಿದ್ದರೆ ಕಂಬಗಳನ್ನು ಹತ್ತಿರ ತರಬೇಕು, ಇಲ್ಲವೇ ಉದ್ದದ ತುಂಡು ಹುಡುಕಬೇಕು. ಎರಡು ಅರ್ಧ ತುಂಡು ಸೇರಿಸಿದರೆ ಒಂದು ಪೂರ್ತಿ ತುಂಡಿನಷ್ಟೇ ಆಗುತ್ತದೆ ಎಂದು ಗೊತ್ತಾಗುವುದೂ ಹೀಗೇ. ಭಿನ್ನರಾಶಿಯ ಬೀಜ ಇದೇ ಅಲ್ವಾ?

ಇದು ಹೊಸ ವಿಚಾರವೇನಲ್ಲ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1830ರ ದಶಕದಲ್ಲೇ ಮರದ ಬ್ಲಾಕ್‌ಗಳನ್ನು ಕಲಿಕೆಯ ಸಾಮಾನಾಗಿ ಬಳಸಿದ್ದರು.

ದುಬಾರಿ ಸೆಟ್ಟೇ ಬೇಕೆಂದಿಲ್ಲ. ನನ್ನ ಪ್ರಕಾರ ಚಿತ್ರ ನೋಡಿ ಒಂದೇ ಮಾದರಿ ಜೋಡಿಸುವ ಸೆಟ್‌ಗಿಂತ ಸಾದಾ ತುಂಡುಗಳು ಜಾಸ್ತಿ ದಿನ ಬಳಕೆಗೆ ಬರುತ್ತವೆ. ದಯವಿಟ್ಟು ನೀವೇ ಕಟ್ಟಿಕೊಡಬೇಡಿ. ಪಕ್ಕದಲ್ಲಿ ಕೂತು "ಇದರ ಮೇಲೆ ಯಾವುದು ನಿಲ್ಲುತ್ತೆ?" ಎಂದು ಕೇಳಿ, ಸಾಕು. ಮೂರು ವರ್ಷದೊಳಗಿನವರಿಗೆ ಮಾತ್ರ ಬಾಯೊಳಗೆ ಹೋಗದಷ್ಟು ದೊಡ್ಡ ತುಂಡುಗಳನ್ನೇ ಕೊಡಿ. ಚಿಕ್ಕವು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.