ಐದೂವರೆ ಬಸ್ಸಿನ ಚೀಟಿ

ನಮಸ್ಕಾರ.

ಜುಲೈ 1ರ ಪತ್ರಿಕಾ ದಿನಕ್ಕೆಂದು ನೀವು ಕಳಿಸಿದ ಲೇಖನ ತಲುಪಿದೆ. ಸಾಗರದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಪತ್ರಿಕೆಗೆ ಸುದ್ದಿ ಬರೆದು, 2025ರ ಮಳೆಗಾಲದಲ್ಲಿ ತೀರಿಕೊಂಡ ವರದಿಗಾರರ ನೆನಪು. ತಾಲೂಕಿನವರೆಲ್ಲ ಅವರನ್ನು 'ಮೇಷ್ಟ್ರು' ಅನ್ನುತ್ತಿದ್ದರು ಅಂತ ಬರೆದಿದ್ದೀರಿ. ನಾನೂ ಹಾಗೇ ಅನ್ನುತ್ತೇನೆ. ನಿಮ್ಮ ಭಾಷೆ ಶುದ್ಧವಾಗಿದೆ, ಅಕ್ಷರದ ತಪ್ಪು ಕಡಿಮೆ. ಅವರ ಮೇಲಿನ ಪ್ರೀತಿ ಸುಳ್ಳಲ್ಲ ಅನ್ನುವುದು ಗೊತ್ತಾಗುತ್ತದೆ. ಹೊಗಳಿಕೆ ಇಷ್ಟು ಸಾಕು.

ಲೇಖನ ಓದಿ ನನಗೆ ಸಿಟ್ಟು ಬಂತು. ರಾತ್ರಿ ಊಟ ಆದ ಮೇಲೆ ಮತ್ತೊಮ್ಮೆ ಓದಿದೆ, ಇನ್ನೂ ಜಾಸ್ತಿ ಬಂತು. ಸಾಮಾನ್ಯವಾಗಿ 'ಪ್ರಕಟಿಸಲು ಆಗುತ್ತಿಲ್ಲ, ಕ್ಷಮಿಸಿ' ಅಂತ ಒಂದು ಸಾಲು ಬರೆದು ಸುಮ್ಮನಾಗುವವನು ನಾನು. ಈ ಸಲ ಆಗಲಿಲ್ಲ.

ನಿಮ್ಮ ಲೇಖನ 1843ರಲ್ಲಿ ಶುರುವಾಗುತ್ತದೆ. ಹರ್ಮನ್ ಮೊಗ್ಲಿಂಗ್, ಬಾಸೆಲ್ ಮಿಷನ್, ಕಲ್ಲಚ್ಚು, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಅಲ್ಲಿಂದ ಮೇಷ್ಟ್ರ ಮನೆ ಬಾಗಿಲಿಗೆ ಬರಲು ಒಂದೂವರೆ ಪುಟ ನಡೆದಿದ್ದೀರಿ. ತಮಾಷೆ ಏನೆಂದರೆ, ಆ ಪತ್ರಿಕೆಯಲ್ಲೇ ಊರ ವರ್ತಮಾನ ಅಂತ ಒಂದು ಭಾಗ ಇತ್ತು. ಮೇಷ್ಟ್ರು ಜೀವಮಾನವಿಡೀ ಬರೆದದ್ದು ಅದನ್ನೇ ಅಲ್ವಾ? ಆ ಎಳೆ ಹಿಡಿದಿದ್ದರೆ ಮೊಗ್ಲಿಂಗ್ ನಿಮ್ಮ ಕೆಲಸಕ್ಕೆ ಬರುತ್ತಿದ್ದರು. ನೀವು ಅವರಿಗೊಂದು ಹಾರ ಹಾಕಿ ಕಳಿಸಿಬಿಟ್ಟಿರಿ. ಹೋಗಲಿ ಬಿಡಿ, ಆರಂಭದಲ್ಲಿ ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಾರೆ.

ನನ್ನ ತಕರಾರು ಇರುವುದು ಮೂರನೇ ಪುಟದ ಒಂದು ವಾಕ್ಯದ ಮೇಲೆ. "ಗ್ರಾಮೀಣ ಬದುಕಿನ ನಾಡಿಮಿಡಿತ ಅರಿತಿದ್ದ ಅವರು ಹಿನ್ನೀರಿನ ಜನರ ಬವಣೆಗೆ ದನಿಯಾದರು, ರೈತರ ಸಂಕಷ್ಟಗಳಿಗೆ ಸ್ಪಂದಿಸಿದರು, ಮಂಗನ ಕಾಯಿಲೆಯ ಬಗ್ಗೆಯೂ ಬೆಳಕು ಚೆಲ್ಲಿದರು."

'ನಾಡಿಮಿಡಿತ' ಅಂದಾಗ ನನ್ನ ಕಣ್ಣಿಗೆ ಯಾವ ಹಳ್ಳಿಯೂ ಬರುವುದಿಲ್ಲ. ಸರ್ಕಲ್ಲಿನಲ್ಲಿ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸ್ ಬರುತ್ತದೆ. ಈ ವಾಕ್ಯದಿಂದ ಮಂಗನ ಕಾಯಿಲೆ, ಹಿನ್ನೀರು ಎರಡನ್ನು ತೆಗೆದು ಬೀದರಿನ ಯಾವುದೋ ವರದಿಗಾರರ ಹೆಸರು ಹಾಕಿ ನೋಡಿ. ಅಲ್ಲಾಡುವುದೇ ಇಲ್ಲ.

'ಹಿನ್ನೀರಿನ ಜನರ ಬವಣೆ.' ಯಾವ ಬವಣೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ದಂಡೆಯ ಊರುಗಳು ಮುಳುಗಿದವು. ಎದ್ದು ಹೋದವರ ಭೂಮಿ ಹಕ್ಕಿನ ಗೋಳು ಒಂದು. ಅಲ್ಲೇ ಉಳಿದು ದ್ವೀಪದವರಂತಾದ ತುಮರಿ ಕಡೆಯವರ ಗೋಳು ಇನ್ನೊಂದು. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಅನ್ನುವುದು ಮತ್ತೊಂದು. ಮೇಷ್ಟ್ರು ಯಾವುದನ್ನು ಬರೆದರು? ಎಷ್ಟು ಸಲ ಬರೆದರು? ತುಮರಿ ಕಡೆಯವರಿಗೆ ಹಿನ್ನೀರು ದಾಟಲು ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದೇ ಮಳೆಗಾಲದಲ್ಲಿ ಅವರು ಹೋದರು ಅನ್ನುತ್ತೀರಿ. ಸೇತುವೆ ನೋಡಿ ಹೋದರಾ, ನೋಡದೆ ಹೋದರಾ? ಇಷ್ಟು ದೊಡ್ಡ ಪ್ರಶ್ನೆ ಪಕ್ಕದಲ್ಲೇ ಕೂತಿರುವಾಗ ನೀವು 'ದನಿಯಾದರು' ಅಂತ ಬರೆದು ಮುಂದೆ ಹೋಗಿದ್ದೀರಿ.

'ರೈತರ ಸಂಕಷ್ಟ.' ಕಾಗೋಡು ನಿಮ್ಮ ತಾಲೂಕಿನಲ್ಲೇ ಇರುವುದು. 1951ರಲ್ಲಿ ಅಲ್ಲಿನ ಗೇಣಿದಾರರು ತಿರುಗಿಬಿದ್ದಾಗ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ಎಷ್ಟು ದೊಡ್ಡದು ಅನ್ನುವುದೇ ಜಗಳ. ಕೊಳಗದ ಅಳತೆ ಬಿಟ್ಟು 'ಸಂಕಷ್ಟಕ್ಕೆ ಸ್ಪಂದಿಸಿ' ಅಂತ ಬರೆದಿದ್ದರೆ ಗೇಣಿದಾರನಿಗೆ ಒಂದು ಹಿಡಿ ಭತ್ತವೂ ಉಳಿಯುತ್ತಿರಲಿಲ್ಲ. ಮೇಷ್ಟ್ರು ಬರೆದದ್ದು ಅಡಿಕೆಯ ಕೊಳೆ ರೋಗವಾ, ಬಗರ್‌ಹುಕುಂ ಅರ್ಜಿಯಾ? ನನಗೆ ಕೊಳಗ ಬೇಕು.

ಇನ್ನು 'ಬೆಳಕು ಚೆಲ್ಲಿದರು'. ಚೆಲ್ಲುವುದಕ್ಕೆ ಅದೇನು ಕೊಡದ ನೀರಾ? ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಅದರ ಹಿಂದೆ 'ಬಗ್ಗೆಯೂ' ಅಂತ ಇದೆ ನೋಡಿ. ಆ 'ಊ' ನೋಡಿ ಪೆನ್ನು ಕೆಳಗಿಟ್ಟೆ.

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಬಯಲುಸೀಮೆಯ ಹುಡುಗ. ಜಿಲ್ಲಾ ಪುಟದ ಕೆಲಸ. ತಾಲೂಕು ವರದಿಗಾರರ ಕವರುಗಳು ಸಂಜೆ ಬಸ್ಸಿನಲ್ಲಿ ಬರುತ್ತಿದ್ದವು. ಅವರು ಅಲ್ಲಿ ಕಂಡಕ್ಟರ್ ಕೈಗೆ ಕೊಡುವುದು, ಇಲ್ಲಿ ಸ್ಟ್ಯಾಂಡಿನಲ್ಲಿ ನಮ್ಮ ಆಫೀಸಿನ ಹುಡುಗ ಇಸಿದುಕೊಳ್ಳುವುದು. ಮಳೆಗಾಲದಲ್ಲಿ ಶಾಯಿ ಹರಡಿ ಅರ್ಧ ಓದಲು ಆಗುತ್ತಿರಲಿಲ್ಲ. ಅವರಿಗೆ ಸಂಬಳ ಇರಲಿಲ್ಲ. ಅಚ್ಚಾದ ಸುದ್ದಿಯ ಉದ್ದ ಅಳೆದು ಕಾಸು ಕೊಡುತ್ತಿದ್ದರು. ನಾನು ನಾಲ್ಕು ಸಾಲು ಕತ್ತರಿಸಿದರೆ ಯಾರದೋ ಜೇಬಿಗೂ ಅಷ್ಟೇ ಕತ್ತರಿ ಬೀಳುತ್ತದೆ ಅನ್ನುವುದು ನನಗಾಗ ಹೊಳೆದೇ ಇರಲಿಲ್ಲ.

ಒಂದು ರಾತ್ರಿ ತಡವಾಗಿ ಒಂದು ಜಾಹೀರಾತು ಬಂತು. ಪುಟದಲ್ಲಿ ಜಾಗ ಇಲ್ಲ. ಕೈಯಲ್ಲಿ ಮಲೆನಾಡಿನಿಂದ ಬಂದ ಐದು ಸಾಲಿನ ಸುದ್ದಿ ಇತ್ತು. ಇಂಥ ಊರಿನ ಶಾಲೆ ಹಿಂದಿನ ಹಳ್ಳದ ಹತ್ತಿರ ಎರಡು ಮಂಗ ಸತ್ತು ಬಿದ್ದಿವೆ, ಅಷ್ಟೆ. ನನಗೆ ನಗು ಬಂತು. "ಮಂಗ ಸತ್ತರೂ ಸುದ್ದಿಯೇನ್ರೀ" ಅಂತ ಪಕ್ಕದವರಿಗೆ ತೋರಿಸಿ ಬುಟ್ಟಿಗೆ ಹಾಕಿದೆ.

ನಮ್ಮ ಮುಖ್ಯ ಉಪಸಂಪಾದಕರ ಕಿವಿಗೆ ಬಿತ್ತು. ಬಯ್ಯಲಿಲ್ಲ. ಬುಟ್ಟಿಯಿಂದ ತೆಗೆಸಿದರು. ಎಲ್ಲರೆದುರು ಜೋರಾಗಿ ಓದಿಸಿದರು. ಆಮೇಲೆ "ಕ್ಯಾಸನೂರು ಗೊತ್ತೇನಯ್ಯಾ?" ಅಂದರು. ಗೊತ್ತಿರಲಿಲ್ಲ. ಸೊರಬ ತಾಲೂಕಿನ ಆ ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತದ್ದು, ಸುತ್ತಲಿನ ಜನ ಜ್ವರದಲ್ಲಿ ಮಲಗಿದ್ದು, ಕೊನೆಗೆ ಕಾಯಿಲೆಗೇ ಆ ಕಾಡಿನ ಹೆಸರು ಬಿದ್ದದ್ದು, ಎಲ್ಲ ಹೇಳಿದರು. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲೇ ನೆಲಕ್ಕೆ ಉದುರುತ್ತವೆ. ಸೊಪ್ಪಿಗೆ, ಸೌದೆಗೆ ಅಂತ ಅಲ್ಲಿಗೆ ಹೋದವರ ಮೈಗೆ ಹತ್ತಿ ಕಾಯಿಲೆ ಅಂಟಿಸುತ್ತವೆ. "ಶಾಲೆ ಹಿಂದಿನ ಹಳ್ಳ ಅಂತ ಬರೆದಿದಾನಲ್ಲ, ಅದು ಸುದ್ದಿ. ಮಿಕ್ಕಿದ್ದು ಬೇಕಾದ್ರೆ ಕತ್ತರಿಸು" ಅಂದರು. ಆ ಐದು ಸಾಲು ಜಾಹೀರಾತಿನ ಮೇಲೆ ಹೇಗೋ ತೂರಿಕೊಂಡು ಅಚ್ಚಾಯಿತು.

(ಆ ಕವರ್ ಕಳಿಸಿದ್ದು ನಿಮ್ಮ ಮೇಷ್ಟ್ರೇ ಅಂದಿದ್ದರೆ ಕತೆ ಎಷ್ಟು ಚೆನ್ನಾಗಿರುತ್ತಿತ್ತು! ಅಲ್ಲ. ಅವರು ನಮ್ಮ ಪತ್ರಿಕೆಯವರಲ್ಲ.)

ಅದಕ್ಕೇ ನಿಮ್ಮ 'ಬಗ್ಗೆಯೂ' ಓದಿ ಮೈ ಉರಿಯಿತು. 2018ರ ಕೊನೆಗೆ ನಿಮ್ಮದೇ ತಾಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಎದ್ದು ಜನ ಸತ್ತರು. ಆಗ ಮೇಷ್ಟ್ರು ಬರೆಯುತ್ತಿದ್ದರಲ್ವಾ? ಅವರ ಮೊದಲ ಸುದ್ದಿ ಯಾವತ್ತು ಬಂತು? ಎಷ್ಟು ಸಾಲು? ಯಾವ ಊರಿನ ಹೆಸರಿತ್ತು? ಅಚ್ಚಾದದ್ದನ್ನು ಅಳೆದು ಕಾಸು ತೆಗೆದುಕೊಂಡ ಕಾಲದವರು ಕತ್ತರಿಸಿ ಅಂಟಿಸಿದ ಪುಸ್ತಕ ಇಟ್ಟುಕೊಂಡಿರುತ್ತಾರೆ. ಮೇಷ್ಟ್ರ ಮನೆಯಲ್ಲೂ ಇದ್ದೀತು. ನೀವು ಕೇಳಿದ ಹಾಗೆ ಕಾಣಲಿಲ್ಲ. ಏಳು ಪುಟದಲ್ಲಿ ಅವರು ಬರೆದ ಒಂದೇ ಒಂದು ಸಾಲು ಇಲ್ಲ. ಅಡುಗೆಯವರ ನೆನಪಿಗೆ ಕರೆದು ಊಟ ಹಾಕದೆ ಕಳಿಸಿದ ಹಾಗೆ.

ಇನ್ನೊಂದು. ಪೆನ್ಸಿಲ್ ಹಿಡಿದು ಎಣಿಸಿದೆ. ಮೇಷ್ಟ್ರ ಹೆಸರು ಹನ್ನೊಂದು ಸಲ ಬಂದಿದೆ. 'ನಾನು', 'ನನ್ನ', 'ನನಗೆ' ಎಲ್ಲ ಸೇರಿ ನಲವತ್ಮೂರು. ಆರನೇ ಪುಟದಲ್ಲಿ, "ಅವರು ನನ್ನ ಬೆನ್ನು ತಟ್ಟಿ, ನಿನ್ನಲ್ಲಿ ದೊಡ್ಡ ಬರಹಗಾರನಿದ್ದಾನೆ ಎಂದರು." ಅಂದಿರಬಹುದು, ನಾನು ಅನುಮಾನಪಡುವುದಿಲ್ಲ. ಆದರೆ ಅಂದವರು ಈಗ ಇಲ್ಲ, ಕೇಳಿಸಿಕೊಂಡವರು ನೀವೊಬ್ಬರೇ. ಇಂಥ ಮಾತನ್ನು ಇಟ್ಟುಕೊಳ್ಳಬೇಕು, ಅಚ್ಚು ಹಾಕಬಾರದು. ಅದರ ಮುಂದಿನ ಸಾಲು, "ನನ್ನ ಕಣ್ಣಾಲಿಗಳು ತೇವಗೊಂಡವು." ಲೇಖನದಲ್ಲಿ ಒಟ್ಟು ಮೂರು ಕಡೆ ಅಳು ಇದೆ, ಮೂರು ಕಡೆಯೂ ಅಳುವವರು ನೀವೇ. ಅವರ ಹೆಂಡತಿಗೆ ಅರ್ಧ ಸಾಲು, 'ಧರ್ಮಪತ್ನಿಯನ್ನು ಅಗಲಿದ್ದಾರೆ' ಅಂತ.

ಇಷ್ಟೆಲ್ಲ ಬಯ್ದರೂ ಲೇಖನ ಇನ್ನೂ ನನ್ನ ಟೇಬಲ್ ಮೇಲೇ ಇದೆ. ಕಾರಣ ಐದನೇ ಪುಟದ ಒಂದು ಮಾತು. ಬೇರೇನೋ ಹೇಳಲು ಹೋಗಿ ಮಧ್ಯೆ ಹೇಳಿಬಿಟ್ಟಿದ್ದೀರಿ. "ಇ-ಮೇಲ್ ಬಂದ ಮೇಲೂ ಅವರ ಅಂಗಿ ಜೇಬಿನಲ್ಲಿ ಶಿವಮೊಗ್ಗ ಬಸ್ಸಿನ ಟೈಮ್ ಬರೆದ ಚೀಟಿ ಇರುತ್ತಿತ್ತು. ಐದೂವರೆ ಬಸ್ಸಿನ ಕೆಳಗೆ ಗೆರೆ ಎಳೆದಿತ್ತು."

ಇದನ್ನು ಓದಿ ಕನ್ನಡಕ ತೆಗೆದಿಟ್ಟೆ. ಆ ಗೆರೆಯ ಅರ್ಥ ನನಗೆ ಗೊತ್ತು. ಐದೂವರೆಗೆ ಬಸ್ಸು ಅಂದರೆ ಐದಕ್ಕೆಲ್ಲ ಬರೆದು ಮುಗಿದಿರಬೇಕು. ಮೂರು ಗಂಟೆಗೆ ಇನ್ನೂ ಹೊಳೆಯ ಆಚೆ ಇದ್ದು ಲಾಂಚ್ ತಡವಾದರೆ ಅವತ್ತಿನ ಸುದ್ದಿ ಹೋಯಿತು, ಅವತ್ತಿನ ಕಾಸೂ ಹೋಯಿತು. ಬಸ್ಸಿಗಾಗಿ ಓಡಿದ ಮನುಷ್ಯ 'ನಾಡಿಮಿಡಿತ' ಅಂತ ಬರೆಯುತ್ತಾ ಕೂರುವುದಿಲ್ಲ. ಆದರೆ ಚೀಟಿ ತೋರಿಸಿದ ಮರುಕ್ಷಣ ನೀವೇನು ಬರೆದಿರಿ? "ಇದು ಅವರ ಸಮಯಪ್ರಜ್ಞೆಗೆ ಹಿಡಿದ ಕೈಗನ್ನಡಿ." ದಯವಿಟ್ಟು ಆ ಕೈಗನ್ನಡಿ ಒಡೆದುಹಾಕಿ.

ಮೊದಲ ಒಂದೂವರೆ ಪುಟ, ಬೆನ್ನು ತಟ್ಟಿದ್ದು, ಮೂರೂ ಅಳು ತೆಗೆಯಿರಿ. ಮೇಷ್ಟ್ರ ಮನೆಗೆ ಹೋಗಿ ಅಮ್ಮನವರ ಹತ್ತಿರ ಅಂಟಿಸಿದ ಪುಸ್ತಕ ಕೇಳಿ. ಬಸ್ಸು ತಪ್ಪಿದ ದಿನ ಮನೆಗೆ ಬಂದು ಏನು ಮಾಡುತ್ತಿದ್ದರು ಅಂತಲೂ ಕೇಳಿ. ಐದೂವರೆ ಬಸ್ಸಿನ ಹಳೇ ಕಂಡಕ್ಟರ್ ಯಾರಾದರೂ ಸಿಕ್ಕರೆ ಬಿಡಬೇಡಿ. ಸೇತುವೆಯದ್ದು ಮರೆಯಬೇಡಿ. ಪತ್ರಿಕಾ ದಿನಕ್ಕೆ ಆಗದಿದ್ದರೆ ಆಗಸ್ಟ್ ಸಂಚಿಕೆಗೆ ಹಾಕೋಣ, ಏಳು ಪುಟ ಬೇಡ, ಮೂರು ಸಾಕು.

ಆ ಚೀಟಿ ಈಗ ಯಾರ ಹತ್ತಿರ ಇದೆ? ಸಿಕ್ಕಿದರೆ ಫೋಟೊ ತೆಗೆದು ಕಳಿಸಿ. ಹಿಂದುಗಡೆ ಏನಾದರೂ ಬರೆದಿದ್ದರೆ ಅದರದ್ದೂ.