ಪಿಯೇರ್ ಎಡವಿದ್ದು ಅನುವಾದದಲ್ಲಲ್ಲ

ಅಮೆರಿಕದ ತತ್ವಶಾಸ್ತ್ರಜ್ಞ ಸಾಲ್ ಕ್ರಿಪ್ಕಿಯವರ ಪಿಯೇರ್ ಒಗಟು ಬರೀ ಅನುವಾದದ ಎಡವಟ್ಟಲ್ವಾ ಅಂತ ಕೇಳಿದ್ದೀರಿ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆದರೆ ಅಲ್ಲ.

ಒಗಟಿನ ಕಲ್ಪಿತ ವ್ಯಕ್ತಿ ಪಿಯೇರ್ ಫ್ರಾನ್ಸ್‌ನಲ್ಲಿದ್ದಾಗ 'ಲೋಂದ್ರ್ ಚೆಂದದ ಊರು' ಅಂತ ಫ್ರೆಂಚಿನಲ್ಲಿ ಮನಸಾರೆ ಹೇಳುತ್ತಿದ್ದ. ಲೋಂದ್ರ್ ಅಂದರೆ ಫ್ರೆಂಚಿನಲ್ಲಿ ಲಂಡನ್. ಆಮೇಲೆ ಲಂಡನ್ನಿನ ಕಳೆಯಿಲ್ಲದ ಒಂದು ಬಡಾವಣೆಗೆ ಬಂದು, ಅಕ್ಕಪಕ್ಕದವರ ಮಾತು ಕೇಳಿ ಕೇಳಿಯೇ ಇಂಗ್ಲಿಷ್ ಕಲಿತು, 'ಲಂಡನ್ ಚೆಂದವಿಲ್ಲ' ಅಂದ. ಎರಡೂ ಒಂದೇ ಊರು ಅಂತ ಅವನಿಗೆ ಗೊತ್ತಿಲ್ಲ, ಹಳೆಯ ಮಾತನ್ನೂ ಬಿಟ್ಟಿಲ್ಲ. ಈಗ ಲಂಡನ್ ಚೆಂದ ಅಂತ ಅವನು ನಂಬುತ್ತಾನಾ, ಇಲ್ವಾ?

ನಿಮ್ಮ ಅನುಮಾನಕ್ಕೆ ಉತ್ತರ, ಕ್ರಿಪ್ಕಿ ಈ ಒಗಟನ್ನು ಮುಂದಿಟ್ಟ 1979ರ ಪ್ರಬಂಧದಲ್ಲೇ ಇದೆ, ಇನ್ನೊಂದು ಉದಾಹರಣೆಯಾಗಿ. ಪಾಡೆರೆವ್ಸ್ಕಿ ಹೆಸರಾಂತ ಪಿಯಾನೊ ವಾದಕ, 1919ರಲ್ಲಿ ಪೋಲೆಂಡಿನ ಪ್ರಧಾನಿಯೂ ಆದವರು. ಪೀಟರ್ ಎಂಬಾತ ಮೊದಲು ವಾದಕನ ಬಗ್ಗೆ ಕೇಳಿ 'ಪಾಡೆರೆವ್ಸ್ಕಿಗೆ ಸಂಗೀತ ಬರುತ್ತದೆ' ಅನ್ನುತ್ತಾನೆ. ಇನ್ನೊಂದು ದಿನ ಅದೇ ಹೆಸರಿನ ರಾಜಕಾರಣಿಯ ಸುದ್ದಿ ಕೇಳಿ, ರಾಜಕಾರಣಿಗೆಲ್ಲಿಯ ಸಂಗೀತ, ಇವರು ಬೇರೆ ಯಾರೋ ಅಂದುಕೊಂಡು 'ಪಾಡೆರೆವ್ಸ್ಕಿಗೆ ಸಂಗೀತ ಬರುವುದಿಲ್ಲ' ಅನ್ನುತ್ತಾನೆ. ಒಂದೇ ಭಾಷೆ, ಒಂದೇ ಹೆಸರು. ಇಲ್ಲಿ ಅನುವಾದ ಎಲ್ಲಿ ಬಂತು ಹೇಳಿ?

ಇನ್ನು, ಪಿಯೇರ್‌ಗೆ ತರ್ಕ ಗೊತ್ತಿಲ್ಲ ಅನ್ನುವುದು ನ್ಯಾಯವಲ್ಲ. ಎಷ್ಟೇ ದೊಡ್ಡ ತರ್ಕಪಂಡಿತನಾದರೂ ಸುಮ್ನೆ ಕೂತು ಯೋಚಿಸಿ ಈ ವಿರೋಧವನ್ನು ಹಿಡಿಯಲು ಆಗುವುದಿಲ್ಲ, ಅವನಿಗೆ ಬೇಕಿರುವುದು ಎರಡೂ ಒಂದೇ ಊರು ಅನ್ನುವ ಸುದ್ದಿ ಅಷ್ಟೇ. ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ. ಕ್ರಿಪ್ಕಿ ಪರಿಹಾರವನ್ನೇನೂ ಕೊಡಲಿಲ್ಲ. ಯಾರು ಏನು ನಂಬುತ್ತಾರೆ ಅಂತ ನಾವು ದಿನಾ ಹೇಳುವ ರೀತಿಯೇ ಇಂಥ ಕಡೆ ಕೈಕೊಡುತ್ತದೆ ಅಂತ ತೋರಿಸಿದರು. ಮತ್ತೆ ಓದುವುದಾದರೆ ಪಾಡೆರೆವ್ಸ್ಕಿ ಭಾಗದಿಂದಲೇ ಶುರು ಮಾಡಿ.